“ಗೇರ್‌ಬಾಕ್ಸ್ ಹೋಗಿದೆ ಮೇಡಂ”

“ಗೇರ್‌ಬಾಕ್ಸ್ ಹೋಗಿದೆ ಮೇಡಂ. ಪೂರ್ತಿ ಅಸೆಂಬ್ಲಿನೇ ಬದಲಾಯಿಸ್ಬೇಕು. ಟ್ಯಾಕ್ಸ್ ಎಲ್ಲಾ ಸೇರಿ 92 ಸಾವಿರ ಆಗುತ್ತೆ. ಓಕೆ ಅಂದ್ರೆ ಇವತ್ತೇ ಪಾರ್ಟ್ ಆರ್ಡರ್ ಹಾಕ್ಬಿಡ್ತೀವಿ.”

ಹೋದ ತಿಂಗಳು ಒಂದು ಶನಿವಾರ, ಸರ್ವಿಸ್ ಸೆಂಟರಿನ ಸೋಫಾದಲ್ಲಿ ಕೂತು ಈ ಮಾತು ಕೇಳಿಸಿಕೊಂಡೆ. ಕೈಯಲ್ಲಿದ್ದ ಕಾಫಿ ಅಲ್ಲೇ ಆರಿಹೋಯ್ತು.

ಕಾರು ಅಪ್ಪನದು. 2014ರಲ್ಲಿ ತಗೊಂಡ ಸಣ್ಣ ಹ್ಯಾಚ್‌ಬ್ಯಾಕ್. ಮ್ಯಾನುಯಲ್ ಗೇರ್, ಓಡಿರೋದು 81 ಸಾವಿರ ಕಿಲೋಮೀಟರ್. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ನಾನು ಆಫೀಸಿಗೆ ಮೆಟ್ರೋದಲ್ಲಿ ಹೋಗ್ತೀನಿ. ಕಾರು ಇರೋದು ಅಮ್ಮನ ಆಸ್ಪತ್ರೆ ಓಡಾಟಕ್ಕೆ, ತಿಂಗಳಿಗೊಂದು ಸಲ ಚನ್ನರಾಯಪಟ್ಟಣದ ಮನೆಗೆ ಹೋಗಿ ಬರೋದಕ್ಕೆ. ಅಮ್ಮನಿಗೆ ಒಂದು ಮಂಡಿ ಆಪರೇಷನ್ ಆಗಿದೆ. ಇನ್ನೊಂದು ದೀಪಾವಳಿ ಕಳೆದ ಮೇಲೆ. ಇನ್ಶೂರೆನ್ಸಿನಲ್ಲಿ ಬರದ ಖರ್ಚಿಗೆ ಅಂತ ಒಂದು ಲಕ್ಷ ಬೇರೆ ತೆಗೆದಿಟ್ಟಿದ್ದೆ. 92 ಸಾವಿರ ಅಂದ ತಕ್ಷಣ ಕಣ್ಣ ಮುಂದೆ ಬಂದಿದ್ದು ಅದೇ ದುಡ್ಡು.

“ಗೇರ್‌ಬಾಕ್ಸಲ್ಲಿ ಏನು ಹೋಗಿದೆ?” ಅಂತ ಕೇಳಿದೆ.

“ಗೇರ್‌ಬಾಕ್ಸೇ ಮೇಡಂ. ಸೌಂಡ್ ಬರ್ತಿದೆಯಲ್ಲ.” ಒಂದು ಕ್ಷಣ ಬಿಟ್ಟು, “ಮನೇಲಿ ಸರ್ ಯಾರಾದ್ರೂ ಇದ್ರೆ ಫೋನ್‌ನಲ್ಲಿ ಮಾತಾಡ್ಲಾ?” ಅಂದ್ರು.

ಸಿಟ್ಟು ಬಂತು. ಆದ್ರೆ ಅದಕ್ಕಿಂತ ಜಾಸ್ತಿ ನಾಚಿಕೆ ಆಯ್ತು. ಇಂಜಿನಿಯರಿಂಗ್ ಓದಿದೀನಿ, ಎಂಟು ವರ್ಷದಿಂದ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕಿ ಸಂಬಳ ತಗೊಳ್ತಿದೀನಿ. ಆಫೀಸಿನಲ್ಲಿ ನಾನು ಹೋಗಿ “ಸರ್ವರ್ ಹೋಗಿದೆ, ಹೊಸದು ತಗೊಳ್ಳಿ” ಅಂದ್ರೆ ಮ್ಯಾನೇಜರ್ ಸುಮ್ನೆ ಬಿಡ್ತಾರಾ? ಯಾವಾಗ ಹೋಯ್ತು, ಏನು ಮಾಡಿದಾಗ ಹೋಯ್ತು, ಲಾಗ್ ಎಲ್ಲಿದೆ ಅಂತ ಹತ್ತು ಪ್ರಶ್ನೆ ಕೇಳ್ತಾರೆ. ಇಲ್ಲಿ ನನಗೆ ಎರಡನೇ ಪ್ರಶ್ನೆಯೇ ಹೊಳೀಲಿಲ್ಲ. “ಸೋಮವಾರ ಹೇಳ್ತೀನಿ” ಅಂತ ಎಸ್ಟಿಮೇಟ್ ಹಾಳೆ ತಗೊಂಡು, ಕಾರು ಮೆಲ್ಲಗೆ ಓಡಿಸಿಕೊಂಡು ಮನೆಗೆ ಬಂದೆ.

ಈ ಸಲದ ಅಂಕಣ ಆ ಶನಿವಾರದಿಂದ ಮುಂದಿನ ಶನಿವಾರದವರೆಗೆ ನಾನು ಕಲಿತದ್ದು. ನಿಮ್ಮ ಹಳೇ ಕಾರಿಗೂ ಒಂದಲ್ಲ ಒಂದು ದಿನ ಇಂಥ ಎಸ್ಟಿಮೇಟ್ ಬರುತ್ತೆ. ಆಗ ಬೇಕಾಗುತ್ತೆ, ಸೇವ್ ಮಾಡಿಟ್ಕೊಳ್ಳಿ.

ಡಿಪೋ ಮಾವನ ಒಂದೇ ಪ್ರಶ್ನೆ

ಅಪ್ಪನ ಸ್ನೇಹಿತರೊಬ್ಬರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಚಿಕ್ಕಂದಿನಿಂದ ನಾವು ಅವರನ್ನ ಕರೆಯೋದೇ ಡಿಪೋ ಮಾವ ಅಂತ. ರಾತ್ರಿ ಫೋನ್ ಮಾಡಿದೆ.

“ಮಾವ, ಗೇರ್‌ಬಾಕ್ಸಲ್ಲಿ ಗುಂಯ್ ಅಂತ ಸದ್ದು...”

“ಎಂಥ ಸದ್ದು ಅಂತ ಆಮೇಲೆ ಹೇಳುವಂತೆ ಕಣಮ್ಮ. ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ, ಅದು ಹೇಳು.”

ನನ್ನ ಹತ್ರ ಉತ್ತರ ಇರಲಿಲ್ಲ. “ಓಡಿಸುವಾಗ ಬರುತ್ತೆ” ಅಂದೆ. ಅವರು ನಕ್ಕರು.

ಆಮೇಲೆ ಅರ್ಧ ಗಂಟೆ ಬಿಡಿಸಿ ಹೇಳಿದ್ರು. ಕಾರಿನಲ್ಲಿ ತಿರುಗೋ ಭಾಗಗಳು ಬೇಕಾದಷ್ಟಿವೆ, ಆದ್ರೆ ಎಲ್ಲವೂ ಎಲ್ಲಾ ಹೊತ್ತಲ್ಲೂ ತಿರುಗಲ್ಲ. ಕೆಲವು ಎಂಜಿನ್ ಜೊತೆ ತಿರುಗುತ್ತವೆ, ಕೆಲವು ಚಕ್ರದ ಜೊತೆ. ಕೆಲವು ಕ್ಲಚ್ ತುಳಿದ್ರೆ ನಿಲ್ಲುತ್ತವೆ, ಕೆಲವು ಕ್ಲಚ್ ತುಳಿದಾಗ ಮಾತ್ರ ಕೆಲಸಕ್ಕೆ ಬರುತ್ತವೆ. ಒಂದೊಂದನ್ನೇ ನಿಲ್ಲಿಸ್ತಾ ಹೋದ್ರೆ, ಯಾವುದು ನಿಂತಾಗ ಸದ್ದು ನಿಂತಿತೋ ಅಲ್ಲಿ ಹುಡುಕಬೇಕು. ನಾನು ದಿನಾ ಆಫೀಸಿನಲ್ಲಿ ಮಾಡೋ ಕೆಲಸವೇ ಇದು! ಕಾರಿನ ವಿಷಯಕ್ಕೆ ಬಂದಾಗ ಮಾತ್ರ ತಲೆ ಓಡಿರಲಿಲ್ಲ.

ಅಷ್ಟರಲ್ಲಿ ನಾನೊಂದು ಜಾಣತನ ಮಾಡಿ ಆಗಿತ್ತು. ಹಿಂದೆ ಆನ್‌ಲೈನಲ್ಲಿ ತರಿಸಿದ್ದ ಸಣ್ಣ ಬ್ಲೂಟೂತ್ ಸ್ಕ್ಯಾನರನ್ನ ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿ, ಫೋನಿನಲ್ಲಿ ಎರರ್ ಕೋಡ್ ಹುಡುಕಿದ್ದೆ. ಒಂದೂ ಇರಲಿಲ್ಲ. ಮಾವನಿಗೆ ಹೇಳಿದ್ರೆ, “ಬೇರಿಂಗಿಗೆ ಯಾರಮ್ಮ ಸೆನ್ಸರ್ ಇಟ್ಟಿರ್ತಾರೆ? ಕಿವಿನೇ ಸೆನ್ಸರ್” ಅಂದ್ರು. ನೆನಪಿರಲಿ, ಮ್ಯಾನುಯಲ್ ಗೇರ್‌ಬಾಕ್ಸಿನ ಸವೆತ ಕಂಪ್ಯೂಟರಿಗೆ ಗೊತ್ತಾಗಲ್ಲ. ಕೋಡ್ ಇಲ್ಲ ಅಂದ ಮಾತ್ರಕ್ಕೆ ಕಾರು ಸರಿ ಇದೆ ಅಂತಲ್ಲ.

ನಿಂತ ಕಾರಿನಲ್ಲಿ ಮೊದಲ ಪರೀಕ್ಷೆ

ಇದಕ್ಕೆ ಎರಡು ನಿಮಿಷ ಸಾಕು, ದುಡ್ಡೇ ಬೇಡ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ಗೆ ತನ್ನಿ, ಎಂಜಿನ್ ಆನ್ ಇರಲಿ. ಎಸಿ, ಫ್ಯಾನ್, ಹಾಡು ಎಲ್ಲಾ ಬಂದ್. ಕಿಟಕಿ ಇಳಿಸಿ.

ಮೊದಲು ಕ್ಲಚ್ ಮೇಲಿಂದ ಕಾಲು ಪೂರ್ತಿ ತೆಗೆದು ಕೇಳಿ. ಈಗ ಕ್ಲಚ್ ಪ್ಲೇಟೂ, ಗೇರ್‌ಬಾಕ್ಸಿನ ಒಳಗೆ ಹೋಗೋ ಇನ್‌ಪುಟ್ ಶಾಫ್ಟೂ ಎಂಜಿನ್ ಜೊತೆ ತಿರುಗ್ತಾ ಇರುತ್ತವೆ. ಆಮೇಲೆ ಕ್ಲಚ್ ಪೂರ್ತಿ ತುಳಿದು ಎರಡು ಮೂರು ಸೆಕೆಂಡ್ ಕಾಯಿರಿ. ಆ ಶಾಫ್ಟ್ ನಿಲ್ಲುತ್ತೆ.

ಕ್ಲಚ್ ಬಿಟ್ಟಾಗ ಇದ್ದ ಸದ್ದು ತುಳಿದಾಗ ನಿಂತ್ರೆ, ಅನುಮಾನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ. ಕೆಲವು ಕಾರುಗಳಲ್ಲಿ ಐಡಲಿನಲ್ಲಿ ಗೇರ್ ಹಲ್ಲುಗಳು ಒಂದಕ್ಕೊಂದು ತಾಗಿ ಗೆಜ್ಜೆಯ ಥರ ಸಣ್ಣಗೆ ಸದ್ದು ಬರೋದು ಸಹಜ, ಅದಕ್ಕೆ ಹೆದರೋದು ಬೇಡ. ಗರಗರ ಅಂತ ಕಲ್ಲು ಅರೆದಂಗೆ ಇದ್ದು, ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದ್ರೆ ಅದು ಬೇರಿಂಗ್.

ಇದರ ಉಲ್ಟಾ, ಕ್ಲಚ್ ತುಳಿದಾಗ ಸದ್ದು ಶುರುವಾಗಿ, ಬಿಟ್ಟಾಗ ನಿಂತ್ರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಅದನ್ನ ಹಾಕೋದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಆದ್ರೆ ಇಳಿಸೋದು ಬೇರೆ, ಬದಲಾಯಿಸೋದು ಬೇರೆ! ಈ ಎರಡನ್ನ ಕಲಸಿಕೊಂಡು ಎಷ್ಟು ಜನ ಎಷ್ಟು ದುಡ್ಡು ಕಳೆದುಕೊಂಡಿರ್ತಾರೋ.

ಕ್ಲಚ್ ತುಳಿದ್ರೂ ಬಿಟ್ರೂ ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ರೆ, ಅದು ಎಂಜಿನ್ ಕಡೆಯದು. ಬೆಲ್ಟ್, ಆಲ್ಟರ್ನೇಟರ್, ವಾಟರ್ ಪಂಪ್, ಯಾವುದಾದ್ರೂ ಆಗಬಹುದು.

ನಮ್ಮ ಕಾರಿನಲ್ಲಿ ಕ್ಲಚ್ ಬಿಟ್ಟಾಗ ಗರಗರ ಇತ್ತು. ತುಳಿದಾಗ ನಿಂತುಹೋಯ್ತು. ಎದೆ ಧಸಕ್ ಅಂತು. ಅಂದ್ರೆ ಸರ್ವಿಸ್ ಸೆಂಟರಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಗೇರ್‌ಬಾಕ್ಸಿನ ಒಳಗೆ ಏನೋ ಇದೆ. ಆದ್ರೆ ನಾನು ಅವರ ಹತ್ರ ಹೋಗಿದ್ದು ಈ ಸದ್ದಿಗಲ್ಲ. ಕುಣಿಗಲ್ ದಾಟುವಾಗ ಅಮ್ಮ “ಏನೇ ಇದು, ವಿಮಾನ ಹತ್ತಿದಂಗೆ ಆಗ್ತಿದೆ” ಅಂದಿದ್ದ ಗುಂಯ್ ಸದ್ದಿಗೆ. ಅದು ನಿಂತ ಕಾರಿನಲ್ಲಿ ಬರೋದೇ ಇಲ್ಲ. ಹಾಗಾದ್ರೆ ಎರಡು ಸದ್ದು ಇವೆಯಾ?

ಅಮ್ಮನ ಕಿವಿ

ಭಾನುವಾರ ಬೆಳಗ್ಗೆ ಆರೂವರೆಗೆ ಅಮ್ಮನನ್ನ ಕೂರಿಸಿಕೊಂಡು ಕೆಂಗೇರಿ ಆಚೆ, ನಾಡಪ್ರಭು ಕೆಂಪೇಗೌಡ ಲೇಔಟಿನ ಖಾಲಿ ರಸ್ತೆಗೆ ಹೋದೆ. ಅಮ್ಮನ ಕಿವಿ ಸಾಮಾನ್ಯದ್ದಲ್ಲ. ಹಾಲಲ್ಲಿ ಕೂತು ಸೀರಿಯಲ್ ನೋಡ್ತಾ, ಕುಕ್ಕರ್ ಸದ್ದು ಕೇಳಿ “ಗ್ಯಾಸ್ಕೆಟ್ ಸಡಿಲ ಆಗಿದೆ” ಅನ್ನೋ ಕಿವಿ. ಓಡಿಸೋದು ನಾನು, ಕೇಳೋದು ಅಮ್ಮ. ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಡ್ಯಾಶ್‌ಬೋರ್ಡ್ ಮೇಲಿಟ್ಟೆ.

ಒಂದನೆಯದು, ಒಂದೇ ಸ್ಪೀಡು, ಬೇರೆ ಗೇರು. 45ರಲ್ಲಿ ಮೂರನೇ ಗೇರಿನಲ್ಲೂ, ಅದೇ 45ರಲ್ಲಿ ನಾಲ್ಕನೇ ಗೇರಿನಲ್ಲೂ ಓಡಿಸಿ ನೋಡಬೇಕು. ಒಂದು ಗೇರಿನಲ್ಲಿ ಮಾತ್ರ ಸದ್ದು ಬಂದ್ರೆ ಆ ಗೇರಿನ ಹಲ್ಲು ಅಥವಾ ಅದರ ಬೇರಿಂಗ್. ಯಾವ ಗೇರಾದ್ರೂ ಸದ್ದು ಒಂದೇ ಥರ ಇದ್ದು, ಸ್ಪೀಡಿನ ಜೊತೆ ಮಾತ್ರ ಏರಿಳಿದ್ರೆ ಅದು ಚಕ್ರದ ಕಡೆಯದು. ನಮ್ಮದು ಎರಡು ಗೇರಲ್ಲೂ ಒಂದೇ ಥರ.

ಎರಡನೆಯದು, ನ್ಯೂಟ್ರಲ್ ಪರೀಕ್ಷೆ. ಹಿಂದೆ ಮುಂದೆ ಯಾರೂ ಇಲ್ಲದ, ನೇರವಾದ, ಸಮತಟ್ಟಾದ ರಸ್ತೆಯಲ್ಲಿ ಮಾತ್ರ ಇದನ್ನ ಮಾಡಿ. 60ರಲ್ಲಿ ಹೋಗ್ತಾ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಐದು ಸೆಕೆಂಡ್ ಕೇಳಿ. ಎಂಜಿನ್ ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಪವರ್ ಸ್ಟೇರಿಂಗೂ ಹೋಗುತ್ತೆ, ಬ್ರೇಕೂ ಗಟ್ಟಿಯಾಗುತ್ತೆ. ಇಳಿಜಾರಿನಲ್ಲಿ ಅಂತೂ ಬೇಡವೇ ಬೇಡ. ಎಂಜಿನ್ ಐಡಲಿಗೆ ಇಳಿದ್ರೂ ಸದ್ದು ಹಾಗೇ ಇದ್ರೆ ಅದು ಎಂಜಿನ್ನಿನದ್ದಲ್ಲ. ಟೈರು, ವೀಲ್ ಬೇರಿಂಗ್, ಡ್ರೈವ್ ಶಾಫ್ಟ್, ಡಿಫರೆನ್ಷಿಯಲ್ ಇಷ್ಟರಲ್ಲಿ ಒಂದು. ನಮ್ಮದು ಹಾಗೇ ಇತ್ತು.

ಮೂರನೆಯದು, ಆಕ್ಸಿಲರೇಟರ್ ಒತ್ತಿ, ಬಿಟ್ಟು ನೋಡೋದು. ಮುಂದಿನ ಚಕ್ರ ಎಳೆಯೋ ಸಣ್ಣ ಕಾರುಗಳಲ್ಲಿ ಡಿಫರೆನ್ಷಿಯಲ್ ಇರೋದು ಗೇರ್‌ಬಾಕ್ಸಿನ ಡಬ್ಬಿಯೊಳಗೇ. ಅದರ ಹಲ್ಲು ಸವೆದಿದ್ರೆ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬರುತ್ತೆ. ನಮ್ಮದು ಒತ್ತಿದ್ರೂ ಅದೇ, ಬಿಟ್ರೂ ಅದೇ.

ನಾಲ್ಕನೆಯದು, ರಸ್ತೆ ಬದಲಾಯಿಸೋದು. ಸವೆದ ಟೈರು ಟಾರ್ ರಸ್ತೆಯಲ್ಲಿ ಒಂದು ಥರ, ವೈಟ್ ಟಾಪಿಂಗ್ ಕಾಂಕ್ರೀಟ್ ಮೇಲೆ ಇನ್ನೊಂದು ಥರ ಕೂಗುತ್ತೆ. ಬೇರಿಂಗ್ ಎಲ್ಲಿ ಹೋದ್ರೂ ಒಂದೇ ಥರ. ಬೆಂಗಳೂರಿನಲ್ಲಿ ಈ ಎರಡೂ ರಸ್ತೆಗೆ ಬರ ಇಲ್ಲವಲ್ಲ, ಮನೆಗೆ ವಾಪಸ್ ಬರುವಾಗ ಅದನ್ನೂ ನೋಡಿದೆವು. ವ್ಯತ್ಯಾಸ ಏನೂ ಇರಲಿಲ್ಲ.

ಐದನೆಯದನ್ನ ಹಿಡಿದಿದ್ದು ಅಮ್ಮ. ಲೇಔಟಿನ ದೊಡ್ಡ ತಿರುವುಗಳಲ್ಲಿ ಎರಡು ಸುತ್ತು ಹಾಕಿದ ಮೇಲೆ ಹೇಳಿದ್ರು: “ನೀನು ಎಡಕ್ಕೆ ತಿರುಗಿಸಿದಾಗ ಜೋರಾಗುತ್ತೆ ಕಣೇ. ಬಲಕ್ಕೆ ತಿರುಗಿದ್ರೆ ಕಮ್ಮಿ ಆಗುತ್ತೆ.”

ಮತ್ತೆ ಮೂರು ಸಲ ನೋಡಿದೆ. ಹೌದು! ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತೆ. ಭಾರ ಬಿದ್ದಾಗ ಕೂಗೋದು ಬಲಗಡೆಯ ವೀಲ್ ಬೇರಿಂಗ್. ವೀಲ್ ಬೇರಿಂಗಿಗೂ ಗೇರ್‌ಬಾಕ್ಸಿಗೂ ಸಂಬಂಧವೇ ಇಲ್ಲ.

ಅಲ್ಲೇ ರಸ್ತೆ ಪಕ್ಕ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 92 ಸಾವಿರ ಕೊಟ್ಟು ಹೊಸ ಗೇರ್‌ಬಾಕ್ಸ್ ಹಾಕಿಸಿದ್ರೂ, ನಾನು ಯಾವ ಸದ್ದಿಗೆ ಕಾರು ತಗೊಂಡು ಹೋಗಿದ್ನೋ ಆ ಸದ್ದು ಹಾಗೇ ಇರ್ತಿತ್ತು!

ಇನ್ನೂ ಕೆಲವು ಸದ್ದುಗಳು

ನಿಮ್ಮ ಕಾರಿನ ಸದ್ದು ಬೇರೆ ಇರಬಹುದು. ಮಾವ ಹೇಳಿದ ಉಳಿದವನ್ನೂ ಬರೆದಿಡ್ತೀನಿ.

ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಸುತ್ತು ಹೊಡೆಯುವಾಗ ಟಕ್ ಟಕ್ ಟಕ್ ಅಂದ್ರೆ ಡ್ರೈವ್ ಶಾಫ್ಟಿನ ಚಕ್ರದ ಕಡೆಯ ಜಾಯಿಂಟ್. ಚಕ್ರದ ಹಿಂದೆ ಬಗ್ಗಿ ನೋಡಿ, ರಬ್ಬರ್ ಬೂಟ್ ಹರಿದು ಗ್ರೀಸ್ ಸುತ್ತ ಚೆಲ್ಲಿರುತ್ತೆ. ಬೂಟ್ ಹರಿದ ಹೊಸದರಲ್ಲೇ ನೋಡಿಕೊಂಡ್ರೆ ಬೂಟಿನ ಖರ್ಚಲ್ಲೇ ಮುಗಿಯುತ್ತೆ.

ಕ್ಲಚ್ ಬಿಟ್ಟು ಹೊರಡುವಾಗ, ಆಕ್ಸಿಲರೇಟರ್ ಒತ್ತಿ ಬಿಡುವಾಗ ಢಬ್ ಅಂತ ಒಂದು ಏಟು ಬಿದ್ರೆ, ಮೊದಲು ಎಂಜಿನ್ ಮೌಂಟಿಂಗ್ ನೋಡಿಸಿ. ಎಂಜಿನ್ನೂ ಗೇರ್‌ಬಾಕ್ಸೂ ಕೂತಿರೋ ರಬ್ಬರ್ ಅದು. ವಯಸ್ಸಾದ್ರೆ ಬಿರಿಯುತ್ತೆ.

ಎರಡನೇ ಗೇರಿಗೆ ಹಾಕುವಾಗ ಮಾತ್ರ ಕರ್ರ್ ಅಂದ್ರೆ ಆ ಗೇರಿನ ಸಿಂಕ್ರೊನೈಸರ್ ರಿಂಗ್ ಸವೆದಿರಬೇಕು. ಎಲ್ಲಾ ಗೇರಿಗೂ ಕರ್ರ್ ಅಂದ್ರೆ ಗೇರ್‌ಬಾಕ್ಸನ್ನ ಬೈಯೋ ಮುಂಚೆ ಕ್ಲಚ್ ಪೂರ್ತಿ ಬಿಡ್ತಾ ಇದೆಯಾ ನೋಡಿಸಿ. ಕೇಬಲ್ ಅಡ್ಜಸ್ಟ್ ಮಾಡಿದ್ರೇ ಸರಿಹೋಗಬಹುದು.

ರಿವರ್ಸಿನಲ್ಲಿ ಮಾತ್ರ ಊಂ ಅಂತ ಕೂಗಿದ್ರೆ ಬಹಳಷ್ಟು ಕಾರುಗಳಲ್ಲಿ ಅದು ಕಾಯಿಲೆಯೇ ಅಲ್ಲ. ಮುಂದಿನ ಗೇರುಗಳ ಹಲ್ಲು ಓರೆಯಾಗಿರುತ್ತವೆ, ಅದಕ್ಕೇ ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ರಿವರ್ಸಿನದ್ದು ಸಾಮಾನ್ಯವಾಗಿ ನೇರ ಹಲ್ಲು, ಕೂಗೋದು ಅದರ ಸ್ವಭಾವ.

ಆಟೋಮ್ಯಾಟಿಕ್ ಇರೋರಿಗೆ ಒಂದು ಮಾತು. ಎಎಂಟಿ ಅಂದ್ರೆ ಒಳಗೆ ಇರೋದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯೋ ಕೆಲಸ ಯಂತ್ರ ಮಾಡುತ್ತೆ. ಹಾಗಾಗಿ ಓಡಿಸಿ ನೋಡೋ ಪರೀಕ್ಷೆಗಳಲ್ಲಿ ಬಹಳಷ್ಟು ಅದಕ್ಕೂ ನಡೆಯುತ್ತೆ. ಸಿವಿಟಿ, ಡ್ಯುಯಲ್ ಕ್ಲಚ್ ಇದ್ರೆ ಕಥೆ ಬೇರೆ. ಅವುಗಳಲ್ಲಿ ಸ್ಕ್ಯಾನರ್ ರಿಪೋರ್ಟ್ ಮುಖ್ಯ, ಕಂಪನಿ ಹೇಳಿದ ಎಣ್ಣೆಯೇ ಇದೆಯಾ ಅನ್ನೋದೂ ಮುಖ್ಯ. ಅಲ್ಲಿ ಮನೆ ಪ್ರಯೋಗ ಬೇಡ.

ಲಿಫ್ಟ್ ಮೇಲೆ ಕಂಡಿದ್ದು

ಮಾವನ ಕೈಕೆಳಗೆ ಅಪ್ರೆಂಟಿಸ್ ಆಗಿದ್ದ ಒಬ್ಬರು ಈಗ ಮೈಸೂರು ರಸ್ತೆ ಕಡೆ ಗ್ಯಾರೇಜ್ ಇಟ್ಟಿದ್ದಾರೆ. ಸೋಮವಾರ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋದೆ. ಈ ಸಲ “ಸದ್ದು ಬರ್ತಿದೆ” ಅನ್ನಲಿಲ್ಲ. ಫೋನಿನಲ್ಲಿ ಬರೆದುಕೊಂಡಿದ್ದನ್ನ ಓದಿದೆ: ನಿಂತಾಗ ಒಂದು ಸದ್ದು, ಕ್ಲಚ್ ತುಳಿದ್ರೆ ನಿಲ್ಲುತ್ತೆ; ಓಡುವಾಗ ಇನ್ನೊಂದು, 45 ದಾಟಿದ ಮೇಲೆ, ಗೇರಿಗೆ ಸಂಬಂಧ ಇಲ್ಲ, ಎಡ ತಿರುವಿನಲ್ಲಿ ಜಾಸ್ತಿ. ಅವರು ನನ್ನನ್ನೇ ಒಂದು ಸಲ ನೋಡಿ, “ಮುಂದಿನ ಬಲಗಡೆ ವೀಲ್ ನೋಡೋಣ ಬನ್ನಿ ಅಕ್ಕ” ಅಂದ್ರು. ಸರ್ ಯಾರಾದ್ರೂ ಇದ್ದಾರಾ ಅಂತ ಕೇಳಲಿಲ್ಲ.

ಲಿಫ್ಟ್ ಮೇಲೆ ಏರಿಸಿ, ಒಂದು ಕೈಯಲ್ಲಿ ಚಕ್ರ ತಿರುಗಿಸ್ತಾ, ಇನ್ನೊಂದು ಕೈನ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಡೋಕೆ ಹೇಳಿದ್ರು. ಎಡಗಡೆ ಚಕ್ರ ಬೆಣ್ಣೆ ಥರ ತಿರುಗಿತು. ಬಲಗಡೆ ತಿರುಗಿಸಿದಾಗ ಸ್ಪ್ರಿಂಗಿನಲ್ಲಿ ಜರಜರ ಅಂತ ಕೈಗೇ ಗೊತ್ತಾಯ್ತು. ಇದು ಗ್ಯಾರೇಜಿನಲ್ಲಿ ಮಾಡೋ ಕೆಲಸ. ಮನೆ ಮುಂದೆ ಬರೀ ಜಾಕ್ ಕೊಟ್ಟು ಕಾರಿನ ಕೆಳಗೆ ನುಸುಳೋ ಸಾಹಸ ಯಾರೂ ಮಾಡಬೇಡಿ.

ಆಮೇಲೆ ಗೇರ್‌ಬಾಕ್ಸ್ ಕಡೆ ಬಂದ್ರು. ಡ್ರೈವ್ ಶಾಫ್ಟ್ ಒಳಗೆ ಹೋಗೋ ಜಾಗದಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಆಯಿಲ್ ಸೀಲ್ ಹೋಗಿದೆ. ಎಣ್ಣೆ ಇಳಿಸಿದ್ರು. ಇರಬೇಕಾದ್ದು ಎರಡು ಲೀಟರ್ ಹತ್ತಿರ, ಬಂದಿದ್ದು ಒಂದು ಲೀಟರ್ ಚಿಲ್ಲರೆ. ಕಪ್ಪಗೆ, ಗಂಧಕದ ಘಾಟು. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಅಂಟಿದ್ದನ್ನ ಬೆರಳಲ್ಲಿ ಉಜ್ಜಿ ತೋರಿಸಿದ್ರು. ಬೂದು ಬಣ್ಣದ ನುಣ್ಣನೆ ಪೇಸ್ಟು. “ಇದು ಇಷ್ಟು ವರ್ಷದ ಮಾಮೂಲಿ ಸವೆತ. ಮಿನುಗೋ ಚೂರು, ಹಲ್ಲಿನ ತುಂಡು ಸಿಕ್ಕಿದ್ರೆ ನಾನೂ ಗೇರ್‌ಬಾಕ್ಸೇ ಬದಲಾಯಿಸಿ ಅಂತಿದ್ದೆ.”

ಅಪ್ಪನ ಸರ್ವಿಸ್ ಪುಸ್ತಕ ತೆಗೆದು ನೋಡಿದೆ. ಗೇರ್ ಆಯಿಲ್ ಬದಲಾಯಿಸಿದ್ದು 40 ಸಾವಿರ ಕಿಲೋಮೀಟರಿನಲ್ಲಿ, ಅಪ್ಪನ ಕೈಬರಹದಲ್ಲಿ ಗುರುತು ಇತ್ತು. ಅದಾದ ಮೇಲೆ ಇಲ್ಲ. ಪ್ರತಿ ವರ್ಷ ಸರ್ವಿಸಿಗೆ ಬಿಟ್ಟಿದೀನಿ, ಬಿಲ್ ಕಟ್ಟಿದೀನಿ, ಎಂಜಿನ್ ಆಯಿಲ್ ಬದಲಾಗಿದೆ. ಗೇರ್ ಆಯಿಲ್ ಬೇರೆ ಅಂತ ನನಗೆ ಗೊತ್ತೇ ಇರಲಿಲ್ಲ. ಎಣ್ಣೆ ಕಮ್ಮಿಯಾಗಿ ಬೇರಿಂಗ್ ಸವೆದಿದ್ದರಲ್ಲಿ ನನ್ನ ಪಾಲೂ ಇದೆ. ಬರೀ ಬೇರೆಯವರನ್ನ ದೂರಿದ್ರೆ ತಪ್ಪಾಗುತ್ತೆ.

ಲೆಕ್ಕ

ಬಲಗಡೆ ವೀಲ್ ಬೇರಿಂಗ್, ಕೂಲಿ ಸೇರಿ 3,400 ರೂಪಾಯಿ. ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಇನ್‌ಪುಟ್ ಶಾಫ್ಟ್ ಬೇರಿಂಗ್, ಆಯಿಲ್ ಸೀಲುಗಳು, ಹೊಸ ಎಣ್ಣೆ, ಜೊತೆಗೆ ಕ್ಲಚ್ ಸೆಟ್, ಎಲ್ಲಾ ಸೇರಿ 17,800. ಕ್ಲಚ್ ಇನ್ನೂ ಸ್ವಲ್ಪ ದಿನ ಬರ್ತಿತ್ತು. ಆದ್ರೆ ಅದಕ್ಕೆ ಅಂತ ಮುಂದಿನ ವರ್ಷ ಮತ್ತೆ ಗೇರ್‌ಬಾಕ್ಸ್ ಇಳಿಸಿದ್ರೆ ಕೂಲಿ ಎರಡು ಸಲ ಕೊಡಬೇಕು, ಅದಕ್ಕೇ ಈಗಲೇ ಮಾಡಿಸಿದೆ. ಒಟ್ಟು 21,200. ಉಳಿದಿದ್ದು 70,800.

ಸರ್ವಿಸ್ ಸೆಂಟರಿನವರು ಮೋಸಗಾರರು ಅಂತ ನಾನು ಹೇಳ್ತಿಲ್ಲ. ಬಿಚ್ಚಿ ರಿಪೇರಿ ಮಾಡೋಕೆ ಕೈ ಪಳಗಿದವರು ಬೇಕು, ಸಮಯ ಬೇಕು. ಮಾಡಿದ ಮೇಲೆ ಸದ್ದು ಮತ್ತೆ ಬಂದ್ರೆ ಕಸ್ಟಮರ್ ಬಂದು ಜಗಳ ಆಡ್ತಾರೆ. ಪೂರ್ತಿ ಅಸೆಂಬ್ಲಿ ಹಾಕಿದ್ರೆ ಅವರಿಗೆ ನಿಶ್ಚಿಂತೆ. ಆದ್ರೆ ಅವರ ನಿಶ್ಚಿಂತೆಗೆ ದುಡ್ಡು ಕೊಡೋರು ನಾವು. ಹಾಗಾಗಿ ಕೇಳೋ ಹಕ್ಕು ನಮಗಿದೆ.

ಮುಂದಿನ ಸಲ ಯಾರಾದ್ರೂ “ಗೇರ್‌ಬಾಕ್ಸ್ ಹೋಗಿದೆ” ಅಂದ್ರೆ ನಾನು ಕೇಳೋದು ಇಷ್ಟು. ಒಳಗೆ ಯಾವ ಪಾರ್ಟ್ ಹೋಗಿದೆ? ಅದು ಹೇಗೆ ಗೊತ್ತಾಯ್ತು, ಓಡಿಸಿ ನೋಡಿದ್ರಾ, ಎಣ್ಣೆ ಇಳಿಸಿ ನೋಡಿದ್ರಾ? ನಾನು ಪಕ್ಕದಲ್ಲಿ ಕೂತಿರ್ತೀನಿ, ಇನ್ನೊಂದು ಸಲ ಓಡಿಸಿ ತೋರಿಸ್ತೀರಾ? ಆ ಪಾರ್ಟ್ ಮಾತ್ರ ಹಾಕೋಕೆ ಯಾಕೆ ಆಗಲ್ಲ? ಹಳೇ ಪಾರ್ಟ್ ವಾಪಸ್ ಕೊಡ್ತೀರಾ? ಎಲ್ಲಕ್ಕಿಂತ ಮುಖ್ಯವಾದ್ದು, ಇದನ್ನ ಬದಲಾಯಿಸಿದ ಮೇಲೂ ಇದೇ ಸದ್ದು ಉಳಿದ್ರೆ ಏನು ಮಾಡ್ತೀರಾ? ಇದಕ್ಕೆ ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ಉತ್ತರ ತಡವರಿಸಿದ್ರೆ ಅವರಿಗೂ ಖಾತ್ರಿ ಇಲ್ಲ ಅಂತ ಅರ್ಥ.

ಇದಕ್ಕೂ ಮೊದಲು ವಾರಂಟಿ, ಎಕ್ಸ್‌ಟೆಂಡೆಡ್ ವಾರಂಟಿ ಕಾಗದ ನೋಡಿಕೊಳ್ಳಿ. ವಾರಂಟಿ ಇರೋ ಕಾರನ್ನ ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಿದ್ರೆ ಆಮೇಲೆ ಕ್ಲೈಮ್ ಸಿಗೋದು ಕಷ್ಟ.

ಪೂರ್ತಿ ಬದಲಾಯಿಸಲೇಬೇಕಾದ ಕಾಲವೂ ಇದೆ. ಡಬ್ಬಿಯೇ ಒಡೆದಿದ್ರೆ, ಹಲ್ಲು ಮುರಿದು ಚೂರು ಎಲ್ಲಾ ಬೇರಿಂಗಿಗೂ ಹೋಗಿದ್ರೆ, ಒಳಗಿನ ಬಿಡಿಭಾಗ ಸಿಗದೇ ಇದ್ರೆ, ಬಿಡಿಬಿಡಿಯಾಗಿ ಹಾಕಿದ ಲೆಕ್ಕ ಹೊಸದರ ಹತ್ತಿರಕ್ಕೇ ಬಂದ್ರೆ, ಆಗ ವಾದ ಬೇಡ. ಅಲ್ಲೂ ಹೊಸದು, ರೀಕಂಡಿಷನ್ ಮಾಡಿದ್ದು, ಬೇರೆ ಕಾರಿಂದ ತೆಗೆದ ಹಳೇದು ಅಂತ ಮೂರು ದಾರಿ ಇವೆ. ಮೂರಕ್ಕೂ ಎಸ್ಟಿಮೇಟ್ ತಗೊಳ್ಳಿ, ಎಷ್ಟು ತಿಂಗಳ ಗ್ಯಾರಂಟಿ ಕೇಳಿ. ಓಡ್ತಾ ಇರುವಾಗ ಗೇರ್ ತಾನಾಗೇ ನ್ಯೂಟ್ರಲ್‌ಗೆ ಜಿಗೀತಿದ್ರೆ, ಇದ್ದಕ್ಕಿದ್ದಂತೆ ಕಟಕಟ ಅಂತ ಜೋರು ಸದ್ದು ಬಂದ್ರೆ, ಪಾರ್ಕಿಂಗಿನಲ್ಲಿ ಎಣ್ಣೆ ಮಡುಗಟ್ಟಿದ್ರೆ ನನ್ನ ಈ ಪರೀಕ್ಷೆ ಯಾವುದನ್ನೂ ಮಾಡಬೇಡಿ. ಕಾರು ಅಲ್ಲೇ ನಿಲ್ಲಿಸಿ ಟೋಯಿಂಗ್ ಕರೆಸಿ. ವೀಲ್ ಬೇರಿಂಗಿನ ಸದ್ದೂ ಅಷ್ಟೇ, ಗೊತ್ತಾದ ಮೇಲೆ “ಓಡ್ತಾ ಇದೆಯಲ್ಲ” ಅಂತ ತಿಂಗಳುಗಟ್ಟಲೆ ಓಡಿಸೋ ವಿಷಯ ಅಲ್ಲ.

ಶುಕ್ರವಾರ ಸಂಜೆ ಕಾರು ಕೈಗೆ ಬಂತು. ಸವೆದ ಬೇರಿಂಗ್ ಎರಡನ್ನೂ ಪೇಪರಿನಲ್ಲಿ ಸುತ್ತಿ ಕೊಟ್ರು. ಶನಿವಾರ ಅಮ್ಮನ ಜೊತೆ ಊರಿಗೆ ಹೊರಟೆ. ನೆಲಮಂಗಲ ದಾಟಿತು, ಕುಣಿಗಲ್ ದಾಟಿತು. ಕಾರಿನೊಳಗೆ ಟೈರಿನ ಸದ್ದು ಬಿಟ್ರೆ ಏನೂ ಇಲ್ಲ. ಯಡಿಯೂರಿನಲ್ಲಿ ಕಾಫಿ ಕುಡಿದು ಮತ್ತೆ ಹತ್ತಿದೆವು. ಡಿಪೋ ಮಾವನಿಗೆ ಅಂತ ಮೈಸೂರುಪಾಕಿನ ಡಬ್ಬ ಅಮ್ಮನ ತೊಡೆ ಮೇಲಿತ್ತು. ಹಿರೀಸಾವೆ ಹತ್ತಿರ ಬರುವಾಗ ಅಮ್ಮ ಕಿವಿ ನಿಮಿರಿಸಿ ಕೂತ್ರು.

“ಈಗ ಆ ಕಡೆ ಬಾಗಿಲಿಂದ ಏನೋ ಕಿರಿಕಿರಿ ಅಂತಿದೆ ಕಣೇ.”

ನನಗೆ ನಗು ಬಂತು. “ಯಾವಾಗ ಬರುತ್ತೆ ಅಮ್ಮ, ಯಾವಾಗ ನಿಲ್ಲುತ್ತೆ?” ಅಂತ ಕೇಳಿದೆ.